ಬೀಗಕ್ಕೆ ಬೀಗ

ಆ ಪುರಸಭೆಯಲ್ಲಿ ಒಂದು ಪದ್ಧತಿ ಇತ್ತು. ಯಾವ ಪುಣ್ಯಾತ್ಮ ಯಾವ ಕಾಲದಲ್ಲಿ ಶುರು ಮಾಡಿದನೋ, ಎಲ್ಲರೂ ಕಣ್ಣಿಗೊತ್ತಿಕೊಂಡು ಪಾಲಿಸುತ್ತಿದ್ದರು. ಅಧ್ಯಕ್ಷರ ಕುರ್ಚಿ ಖಾಲಿ ಇರುವಾಗ ಸಭೆಯಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. ಮಾತಿನ ಮಧ್ಯೆ ಅಧ್ಯಕ್ಷರು ಎದ್ದು ಹೊರಗೆ ಹೋದರೆ ಆ ವಿಷಯದ ಕಥೆ ಅಲ್ಲಿಗೆ ಮುಗಿಯಿತು, ಅದು ಮುಂದಿನ ತಿಂಗಳಿಗೆ. ಅವರು ವಾಪಸ್ ಬಂದು ಕೂತ ಮೇಲೆ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು "ಮುಂದಿನ ವಿಷಯ" ಎನ್ನುತ್ತಿದ್ದರು.

ಈಗಿನ ಅಧ್ಯಕ್ಷರಿಗೆ ಸಕ್ಕರೆ ಕಾಯಿಲೆ, ಅದರ ಮೇಲೆ ಚಹಾದ ಹುಚ್ಚು. ಕಾಯಿಲೆ ನಿಜವೇ, ಅದನ್ನು ಆಡಿಕೊಳ್ಳಬಾರದು. ಆದರೆ ಆ ಕಾಯಿಲೆಗೂ ಎಂಥಾ ಬುದ್ಧಿ ನೋಡಿ! ಊರ ಬಾಗಿಲಿನ ಹೊಸ ಕಮಾನಿಗೆ ಯಾವ ಬಣ್ಣ ಬಳಿಯಬೇಕು ಎಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಚರ್ಚೆ ನಡೆದರೂ ಅದು ತೆಪ್ಪಗೆ ಇರುತ್ತಿತ್ತು. ಶಾಲೆಯ ಶೌಚಾಲಯ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಧ್ಯಕ್ಷರು "ಒಂದ್ನಿಮಿಷ, ನೋಡೋಣ" ಎಂದು ಎದ್ದೇಬಿಡುತ್ತಿದ್ದರು. ಯಾರು ಏನು ಕೇಳಿದರೂ "ನೋಡೋಣ" ಎನ್ನುವುದರಿಂದ ಊರವರು ಅವರಿಗೆ ನೋಡೋಣಪ್ಪ ಎಂದೇ ಹೆಸರಿಟ್ಟಿದ್ದರು.

ಹೀಗೆ ಮುಂದಕ್ಕೆ ಹೋದ ವಿಷಯವನ್ನು ಪ್ರತಿ ತಿಂಗಳೂ ಮತ್ತೆ ಹೊತ್ತುಕೊಂಡು ಬರುತ್ತಿದ್ದವಳು ಕತ್ತರಿಯಕ್ಕ. ಶಾಲೆ ಇರುವ ಬಡಾವಣೆಯ ಇನ್ನೊಂದು ತುದಿಯಲ್ಲಿ ಅವಳ ಮನೆ, ಪಕ್ಕದಲ್ಲೇ ಹೊಲಿಗೆ ಅಂಗಡಿ. ಕೈಯಲ್ಲೂ ಕತ್ತರಿ, ಬಾಯಲ್ಲೂ ಕತ್ತರಿ ಎಂದು ಜನ ಇಟ್ಟ ಹೆಸರು ಅದು, ಅವಳಿಗೇನೂ ಬೇಜಾರಿಲ್ಲ. "ಕತ್ತರಿಸೋಕೆ ಗೊತ್ತಿಲ್ದೋರು ಏನು ಹೊಲೀತಾರೆ, ತಲೆ!" ಎನ್ನುತ್ತಿದ್ದಳು. ಆ ಬಡಾವಣೆಯಿಂದ ಗೆದ್ದು ಸದಸ್ಯೆಯಾಗಿ ಬಂದ ದಿನ ಅವಳಿಗೆ ಕಿಟಕಿಯ ಪಕ್ಕದ, ಒಂದು ಕಾಲು ಕುಣಿಯುವ ಕುರ್ಚಿ ಕೊಟ್ಟಿದ್ದರು. ಮುಂದಿನ ಸಭೆಗೆ ಅಂಗಡಿಯಿಂದ ಚಿಂದಿ ಬಟ್ಟೆ ತಂದು, ಗಂಟು ಕಟ್ಟಿ ಆ ಕಾಲಿನ ಕೆಳಗೆ ತುರುಕಿ, ಅಲ್ಲಾಡದ ಹಾಗೆ ಕೂತಳು. ಅಂದಿನಿಂದ ಅಲ್ಲಾಡಿಲ್ಲ.

ಶೌಚಾಲಯದ ಕಥೆ ಇಷ್ಟು. ಪುರಸಭೆ ಕಚೇರಿಯ ಎದುರು ರಸ್ತೆ ದಾಟಿದರೆ ಶಾಲೆ. ಅದರ ಹಿತ್ತಲಿನಲ್ಲಿ ಪುರಸಭೆಯವರು ಹುಡುಗಿಯರಿಗೆಂದು ಹೊಸ ಶೌಚಾಲಯ ಕಟ್ಟಿಸಿದರು. ಕಟ್ಟಡ ಚೆನ್ನಾಗಿಯೇ ಇತ್ತು, ಬಿಳಿ ಟೈಲ್ಸು, ನೀಲಿ ಬಾಗಿಲು. ಹೊಸದು ಬಂತಲ್ಲ ಎಂದು ಹಳೆಯದನ್ನು ಕೆಡವಿದರು. ಎಲ್ಲಾ ಮುಗಿದ ಮೇಲೆ ಗೊತ್ತಾಯಿತು, ಜಾಗ ಶಿಕ್ಷಣ ಇಲಾಖೆಯದು, ಅವರನ್ನು ಯಾರೂ ಒಂದು ಮಾತು ಕೇಳಿಯೇ ಇಲ್ಲ ಎಂದು. ಇಲಾಖೆಯವರ ಮೂಗಿನ ತುದಿಗೆ ಸಿಟ್ಟು ಬಂತು. "ಕೇಳದೆ ಕಟ್ಟಿದ್ದೀರಿ, ನೀವೇ ಇಟ್ಕೊಳ್ಳಿ. ನಾವು ವಹಿಸಿಕೊಳ್ಳಲ್ಲ" ಎಂದರು. "ಕಟ್ಟಿಕೊಟ್ಟಿದ್ದೇ ಹೆಚ್ಚು. ನೀರು ಬಿಡೋದು, ತೊಳೆಸೋದು ಶಾಲೆ ನಡೆಸೋರ ಹಣೆಬರಹ" ಎಂದಿತು ಪುರಸಭೆ. ವಹಿಸಿಕೊಳ್ಳುವವರು ಸಿಗುವವರೆಗೆ ಹಾಳಾಗದಿರಲಿ ಎಂದು ಕಾರ್ಯದರ್ಶಿ ಅದಕ್ಕೊಂದು ದಪ್ಪ ಬೀಗ ಜಡಿದು, ಕೀಲಿಯನ್ನು ತಮ್ಮ ಮೇಜಿನ ಡ್ರಾಯರಿಗೆ ಹಾಕಿಕೊಂಡರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಶಾಲೆ ತುಂಬ ಕೂಸುಗಳು. ಹುಡುಗರಿಗಾದರೆ ಹಿಂದೆ ಗೋಡೆ ಇತ್ತು. ಹುಡುಗಿಯರಿಗೆ ಏನೂ ಇರಲಿಲ್ಲ.

ಕತ್ತರಿಯಕ್ಕನ ಮೊಮ್ಮಗಳು ಓದುವುದೂ ಅಲ್ಲೇ. ಹನ್ನೊಂದು ವರ್ಷದ ಹುಡುಗಿ. ಮಾತು ಮುಗಿಯುವುದರೊಳಗೆ ಚಟಪಟ ಸಿಡಿಯುತ್ತಾಳೆಂದು ಮನೆಯಲ್ಲಿ ಸಾಸಿವೆ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಅವಳಮ್ಮ ಹಸಿರು ಬಾಟಲಿಗೆ ನೀರು ತುಂಬಿ ಕಳಿಸುತ್ತಿದ್ದಳು. ಸಂಜೆ ಅದು ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ಕತ್ತರಿಯಕ್ಕ ಅದನ್ನು ಬಾಗಿಲ ಪಕ್ಕದ ಕುಂಡದ ಗಿಡಕ್ಕೆ ಸುರಿಯುತ್ತಿದ್ದಳು.

"ನೀರು ಕುಡಿಯೋಕೆ ಏನೇ ಧಾಡಿ ನಿನಗೆ?"

"ಬಾಯಾರಲ್ಲ ಅಜ್ಜಿ."

ಅಜ್ಜಿ ನಂಬಿದಳು. ಗಿಡ ಸೊಂಪಾಗಿ ಬೆಳೆಯಿತು, ಹುಡುಗಿ ಸೊರಗಿದಳು.

ಆಮೇಲೆ ಒಂದು ವಾರ ಅವಳಿಗೆ ಜ್ವರ ಬಂತು. ಕಿಬ್ಬೊಟ್ಟೆಯಲ್ಲಿ ನೋವು, ಉರಿ, ರಾತ್ರಿಯೆಲ್ಲ ನರಳಾಟ. ಡಾಕ್ಟರಮ್ಮ ಪರೀಕ್ಷೆ ಮಾಡಿ, "ಈ ಮಗು ದಿನವಿಡೀ ನೀರೇ ಕುಡಿಯಲ್ಲ, ಬಂದಿದ್ದನ್ನ ತಡ್ಕೊಂಡು ಕೂರುತ್ತೆ. ಹೀಗೇ ಮಾಡಿದ್ರೆ ಮೂತ್ರಪಿಂಡಕ್ಕೇ ಕುತ್ತು ಬರುತ್ತೆ, ಹುಷಾರು" ಎಂದು ಎಲ್ಲರಿಗೂ ಸೇರಿಸಿ ಬೈದರು. ಮನೆಗೆ ಬಂದು ಮಂಚದ ಮೇಲೆ ಮಲಗಿದ ಸಾಸಿವೆ ನಿಧಾನವಾಗಿ ಬಾಯಿಬಿಟ್ಟಳು.

"ದೊಡ್ಡ ಕ್ಲಾಸಿನ ಅಕ್ಕಂದಿರು ಹೇಳಿಕೊಟ್ರು ಅಜ್ಜಿ. ಬಾಯಿ ಮುಕ್ಕಳಿಸಿ ಉಗೀಬೇಕು, ನುಂಗಬಾರದು ಅಂತ. ಬೇರೆಯವರೆಲ್ಲ ಮಧ್ಯಾಹ್ನಾನೇ ಮನೆಗೆ ಓಡ್ತಾರೆ, ಆಮೇಲೆ ಬರೋದೇ ಇಲ್ಲ. ನಾನು ಲೆಕ್ಕದ ಕ್ಲಾಸ್ ಮುಗಿಯೋವರೆಗೂ ತಡೀತೀನಿ. ನಮ್ಮ ಕ್ಲಾಸಲ್ಲಿ ನಾನೇ ಫಸ್ಟು."

ಅದನ್ನು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು.

ಅವಳ ಮಗನಿಗೆ ಸೈಕಲ್ ರಿಪೇರಿ ಅಂಗಡಿ. ಕೆಟ್ಟವನಲ್ಲ, ಮಗಳೆಂದರೆ ಪ್ರಾಣ. ಆ ಸಂಜೆ ಕೈಯ ಎಣ್ಣೆಮಸಿಯನ್ನೂ ತೊಳೆಯದೆ ಬಾಗಿಲಲ್ಲಿ ನಿಂತು ಹೇಳಿದ. "ಸೋಮವಾರದಿಂದ ಶಾಲೆ ಬೇಡ. ಮನೇಲಿರಲಿ, ನಿನ್ನ ಮಿಷನ್ ಕಲೀಲಿ."

"ಏನಂದೆ?"

"ಇನ್ನೇನಮ್ಮಾ? ನೀನೂ ಏಳನೇ ಕ್ಲಾಸಿಗೆ ಬಿಟ್ಟೆ. ಏನು ಕಮ್ಮಿ ಆಯ್ತು? ಪುರಸಭೆ ಮೆಂಬರ್ ಆಗಿಲ್ವಾ?"

"ನಾನು ಬಿಡಲಿಲ್ಲ ಕಣೋ, ಬಿಡಿಸಿದ್ರು!" ಎಂದಳು ಕತ್ತರಿಯಕ್ಕ. "ನಮ್ಮ ಶಾಲೆ ಹಿಂದೆ ಒಂದು ಪೊದೆ ಇತ್ತು. ನಾವು ಹೋದಾಗ ಹುಡುಗರು ಕಲ್ಲು ಹೊಡೀತಿದ್ರು. ನಾನು ಮನೆಗೆ ಬಂದು ಅತ್ತೆ. ನಮ್ಮಪ್ಪ ನೀನು ಹೇಳಿದ್ದನ್ನೇ ಹೇಳಿದ, ಅಕ್ಷರಕ್ಕೆ ಅಕ್ಷರ. ಹೊಲಿಗೆ ಮಿಷನ್ ತಂದುಕೊಟ್ಟ. ಆ ಮಿಷನ್ ಮುಂದೆ ಕೂತು ಎಷ್ಟು ದಿನ ಅತ್ತಿದ್ದೀನಿ ಗೊತ್ತೇನೋ ನಿನಗೆ?"

ಮಗ ತಲೆ ತಗ್ಗಿಸಿದ. ಆದರೆ ಸೋಲಲಿಲ್ಲ. "ಅತ್ತರೂ ಬದುಕಿದ್ದೀಯ. ಇವಳ ಕಿಡ್ನಿ ಹೋದ್ರೆ ನಾನು ಯಾವ ಅಂಗಡೀಲಿ ತರಲಿ? ನೀನು ಅಲ್ಲಿ ಕೂತು ಒಂದು ಬೀಗ ತೆಗೆಸೋಕಾಗಲಿಲ್ಲ. ಶುಕ್ರವಾರ ಸಭೆ ಇದೆಯಲ್ಲ? ತೆಗೆಸು, ಸೋಮವಾರ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲ."

ಒಳಗಿಂದ ಸಾಸಿವೆಯ ಅಳು ಕೇಳಿಸಿತು. ಜ್ವರದಲ್ಲಿ ಅಳದ ಹುಡುಗಿ ಆಗ ಅತ್ತಳು.

ಶುಕ್ರವಾರ ಬೆಳಿಗ್ಗೆ ಕತ್ತರಿಯಕ್ಕ ಅಂಗಡಿಯಲ್ಲಿ ಸೊಸೆಯನ್ನು ಕೂರಿಸಿ, ಅಂಗಡಿ ಬಾಗಿಲಿನ ಬೀಗವನ್ನು ಸೆರಗಿನಲ್ಲಿ ಸುತ್ತಿಕೊಂಡು ಎಲ್ಲರಿಗಿಂತ ಮುಂಚೆ ಪುರಸಭೆಗೆ ಹೋದಳು. ಮೆಟ್ಟಿಲ ಪಕ್ಕದಲ್ಲಿ ಒಂದೇ ಒಂದು ಶೌಚಾಲಯ. ಜವಾನ ಆಗಷ್ಟೇ ಅದನ್ನು ತೊಳೆದು ಬಕೆಟ್ ಕವುಚಿ ಇಡುತ್ತಿದ್ದ. ಅವಳು ಬಾಗಿಲು ಎಳೆದು, ಚಿಲಕ ಹಾಕಿ, ಬೀಗ ಜಡಿದಳು. ಜವಾನ ಕಣ್ಣು ಕಣ್ಣು ಬಿಟ್ಟ.

"ಇದೇನಕ್ಕಾ ಇದು?"

"ನಿನ್ನ ಮಗಳು ಎಷ್ಟನೇ ಕ್ಲಾಸು?"

"ಎಂಟು."

"ನೀರು ಕುಡಿದು ಶಾಲೆಗೆ ಹೋಗ್ತಾಳಾ?"

ಜವಾನ ಅವಳ ಮುಖ ನೋಡಿದ, ಬೀಗ ನೋಡಿದ. "ನಾನು ಚಹಾ ತರೋಕೆ ಹೋಗಿದ್ದೆ. ನಾನು ಇಲ್ಲಿರಲೇ ಇಲ್ಲ" ಎಂದು ಕೆಟಲ್ ಎತ್ತಿಕೊಂಡು ಹೊರಟವನು, ಬಾಗಿಲಲ್ಲಿ ತಿರುಗಿ, "ದೊಡ್ಡ ಕೆಟಲ್ಲೇ ತರ್ತೀನಿ ಬಿಡಕ್ಕಾ" ಎಂದ.

ಸಭೆ ಶುರುವಾಯಿತು. ಅಂದು ಚಹಾ ಧಾರಾಳವಾಗಿತ್ತು. ಅಧ್ಯಕ್ಷರ ಲೋಟ ಖಾಲಿಯಾದಾಗಲೆಲ್ಲ ಜವಾನ ತುಂಬಿದ. ಬೀದಿದೀಪ, ಚರಂಡಿ, ಕಮಾನಿನ ಬಣ್ಣ ಎಲ್ಲಾ ಆಯಿತು. ಬಣ್ಣದಂಗಡಿಯ ಸದಸ್ಯರು ನೀಲಿಯೇ ಆಗಬೇಕೆಂದು ಪಟ್ಟು ಹಿಡಿದರು, ಅವರ ಅಂಗಡಿಯಲ್ಲಿ ನೀಲಿ ಬಣ್ಣ ಡಬ್ಬಗಟ್ಟಲೆ ಉಳಿದಿತ್ತು ಎನ್ನುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಅದೂ ಮುಗಿದ ಮೇಲೆ ಕಾರ್ಯದರ್ಶಿ ಕನ್ನಡಕದ ಮೇಲಿಂದ ಇಣುಕಿ, "ಶಾಲೆಯ ಹೆಣ್ಣುಮಕ್ಕಳ ಶೌಚಾಲಯ" ಎಂದರು.

ಕತ್ತರಿಯಕ್ಕ ಎದ್ದು ನಿಂತಳು. ಅಧ್ಯಕ್ಷರೂ ಎದ್ದು ನಿಂತರು.

"ಒಂದ್ನಿಮಿಷ ಅಮ್ಮಾ, ಬಂದೆ. ನೋಡೋಣ."

"ಹೋಗಿ ಬನ್ನಿ ಅಧ್ಯಕ್ಷರೇ" ಎಂದು ಅವಳು ಮತ್ತೆ ಕೂತಳು.

ಕುರ್ಚಿ ಖಾಲಿಯಾಯಿತು, ಬಾಯಿಗಳು ಮುಚ್ಚಿದವು. ಮೆಟ್ಟಿಲ ಕಡೆಯಿಂದ ಬಾಗಿಲು ಜಗ್ಗಿದ ಸದ್ದು ಬಂತು. ಇನ್ನೊಮ್ಮೆ ಬಂತು. ಅಧ್ಯಕ್ಷರು ಹೋದದ್ದಕ್ಕಿಂತ ಬೇಗ ವಾಪಸ್ ಬಂದು ಬಾಗಿಲಲ್ಲಿ ನಿಂತರು.

"ಯಾರ್ರೀ ಬೀಗ ಹಾಕಿದ್ದು?"

"ನಾನು" ಎಂದಳು ಕತ್ತರಿಯಕ್ಕ. ಕೀಲಿಯನ್ನು ಎತ್ತಿ ತೋರಿಸಿ, ಕುಪ್ಪಸದೊಳಗೆ ಸಿಕ್ಕಿಸಿಕೊಂಡಳು.

ಸಭೆಯಲ್ಲಿ ಗುಲ್ಲೆದ್ದಿತು. ಕಾರ್ಯದರ್ಶಿ ಎದ್ದು, "ಇದು ಸಾರ್ವಜನಿಕ ಆಸ್ತಿ! ಇದು ಅಪರಾಧ! ಪೊಲೀಸರನ್ನ ಕರೀಬೇಕಾಗುತ್ತೆ!" ಎಂದು ಕೂಗಿದರು.

"ಕರೀರಿ ಸ್ವಾಮಿ, ಧಾರಾಳವಾಗಿ ಕರೀರಿ. ಸಾರ್ವಜನಿಕರ ಶೌಚಾಲಯಕ್ಕೆ ಬೀಗ ಹಾಕಿದೋರನ್ನ ಹಿಡ್ಕೊಂಡು ಹೋಗಿ ಅನ್ನಿ. ನಾನು ಬೆಳಿಗ್ಗೆ ಹಾಕಿದೆ. ನೀವು ಹೋದ ವರ್ಷವೇ ಹಾಕಿದ್ದೀರಿ. ಮೊದಲು ಯಾರನ್ನ ಹಿಡೀತಾರೋ ನೋಡೋಣ."

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸುತ್ತ ಕೂತುಬಿಟ್ಟರು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು.

ಅಧ್ಯಕ್ಷರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ಹತ್ತಿರ ಬಂದರು. ದನಿ ತಗ್ಗಿಸಿದರು. "ಅಮ್ಮಾ, ವಯಸ್ಸಾದವನು, ರೋಗಿ. ತಡೆಯೋಕಾಗಲ್ಲ ಕಣಮ್ಮಾ."

"ಹನ್ನೊಂದು ವರ್ಷದ ಹುಡುಗಿ ತಡೀತಾಳೆ ಅಧ್ಯಕ್ಷರೇ. ಬೆಳಗಿನಿಂದ ಸಂಜೆವರೆಗೆ. ನಿಮಗೆ ಅರ್ಧ ಗಂಟೆ ಆಗಲ್ವಾ?"

"ಹುಡುಗಾಟ ಆಡಬೇಡ. ನಾನೆಲ್ಲಿ ಹೋಗಲಿ?"

"ಹಿಂದೆ ಗೋಡೆ ಇದೆ."

"ಬೀದೀಲಾ? ನಾನು ಈ ಊರಿನ ಅಧ್ಯಕ್ಷ!"

"ಅವರು ಈ ಊರಿನ ಹೆಣ್ಣುಮಕ್ಕಳು!" ಈಗ ಅವಳ ದನಿ ಏರಿತು. ಅಲ್ಲಿಯವರೆಗೆ ಕಟ್ಟಿಟ್ಟಿದ್ದೆಲ್ಲ ಒಮ್ಮೆಗೇ ಬಂತು. "ನನ್ನ ಮೊಮ್ಮಗಳು ಜ್ವರ ಬಂದು ಮಲಗಿದ್ದಾಳೆ. ನೀರು ಕುಡಿಯೋದನ್ನೇ ಬಿಟ್ಟಿದ್ದಾಳೆ, ನಿಮ್ಮ ಬೀಗಕ್ಕೆ ಹೆದರಿ. ಸೋಮವಾರದಿಂದ ಅವಳಿಗೆ ಶಾಲೆ ಇಲ್ಲ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಶಾಲೆ ನಮ್ಮದಲ್ಲ, ಇಲಾಖೇದು ಅಂತೀರಲ್ಲ, ಮಕ್ಕಳು ಯಾರವರು? ಇಲಾಖೆ ಹೆತ್ತಿದೆಯಾ? ತಿಂಗಳು ತಿಂಗಳು ನಾನು ಈ ಮಾತು ಎತ್ತೋದು, ನೀವು ಎದ್ದು ಹೋಗೋದು! ಇವತ್ತು ಎಲ್ಲಿಗೆ ಹೋಗ್ತೀರೋ ಹೋಗಿ. ನಾನು ಅಲ್ಲಾಡಲ್ಲ."

ಜವಾನ ಬಾಗಿಲಲ್ಲಿ ಕೆಟಲ್ ಹಿಡಿದು ನಿಂತಿದ್ದ, ಅವನ ಕಣ್ಣು ತುಂಬಿತ್ತು.

ಅಧ್ಯಕ್ಷರು ಕುರ್ಚಿಗೆ ಹೋಗಿ ಅಂಚಿನ ಮೇಲೆ ಕೂತರು. ಹಣೆ ಒರೆಸಿಕೊಂಡರು. "ಆಯ್ತು, ಠರಾವು ಮಾಡಿ. ಶೌಚಾಲಯ ತೆರೆಯತಕ್ಕದ್ದು. ಯಾರದಾದ್ರೂ ವಿರೋಧ ಇದೆಯಾ? ಇಲ್ಲ. ಬರ್ಕೊಳ್ರೀ! ಈಗ ಕೀಲಿ ಕೊಡಮ್ಮಾ."

"ಠರಾವು ಮಾಡಿದ್ರೆ ಬೀಗ ಬಿಚ್ಚಿಕೊಳ್ಳುತ್ತಾ? ಮೊದಲು ಆ ಬೀಗ, ಆಮೇಲೆ ಈ ಬೀಗ."

"ಅಲ್ಲಿಗೆ ಹೋಗಿ ಬರೋವರೆಗೆ ನಾನು..."

"ಬರೋದ್ಯಾಕೆ? ರಸ್ತೆ ದಾಟಿದ್ರೆ ಶಾಲೆ. ಬಿಳಿ ಟೈಲ್ಸು, ನೀಲಿ ಬಾಗಿಲು, ಹೊಸಾ ಶೌಚಾಲಯ, ನೀವೇ ಕಟ್ಟಿಸಿದ್ದು. ಉದ್ಘಾಟನೆಯೂ ಆಗಿಲ್ಲ. ನಿಮ್ಮ ಅಮೃತಹಸ್ತದಿಂದಲೇ ಆಗಲಿ."

ಈ ಸಲ ಯಾರೂ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ, ಸಭೆಗೆ ಸಭೆಯೇ ನಕ್ಕಿತು. ಅಧ್ಯಕ್ಷರು ನಗಲಿಲ್ಲ. ಅವರಿಗೆ ನಗುವಷ್ಟು ಪುರುಸೊತ್ತಿರಲಿಲ್ಲ. "ಕೀಲಿ ತಗೊಳ್ರೀ!" ಎಂದು ಕಾರ್ಯದರ್ಶಿಗೆ ಗದರಿ ಹೊರಟೇಬಿಟ್ಟರು.

ಶಾಲೆಯಲ್ಲಿ ಆಗ ಪಾಠ ನಡೆದಿತ್ತು. ಊರಿನ ಅಧ್ಯಕ್ಷರು ಮುಂದೆ ಮುಂದೆ, ಕೀಲಿ ಹಿಡಿದ ಕಾರ್ಯದರ್ಶಿ ಹಿಂದೆ ಹಿಂದೆ, ಅವರ ಹಿಂದೆ ಎಲ್ಲಾ ಸದಸ್ಯರು ಅರ್ಧ ಓಟದಲ್ಲಿ ಅಂಗಳ ದಾಟುವುದನ್ನು ನೋಡಿ ಕಿಟಕಿಗಳ ತುಂಬ ತಲೆಗಳು ತುಂಬಿಕೊಂಡವು. ಹೆಡ್ ಮೇಡಂ ಗಾಬರಿಯಾಗಿ ಓಡಿ ಬಂದರು. "ಏನಾಯ್ತು ಸಾರ್? ಎಲ್ಲಾದ್ರೂ ಬೆಂಕಿ ಬಿತ್ತಾ?"

"ಇನ್ನೂ ಇಲ್ಲ ಮೇಡಂ" ಎಂದಳು ಕತ್ತರಿಯಕ್ಕ.

ಕೀಲಿ ತಿರುಗಲಿಲ್ಲ. ಮಳೆ ಬಿಸಿಲಿಗೆ ಬೀಗ ತುಕ್ಕು ಹಿಡಿದು ಕೂತಿತ್ತು. ಕಾರ್ಯದರ್ಶಿ ಊದಿದರು, ಕುಲುಕಿದರು, "ಸ್ವಲ್ಪ ಎಣ್ಣೆ ಹಾಕಿದ್ರೆ..." ಎಂದರು. ಅಧ್ಯಕ್ಷರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಬಗ್ಗಿ ಕೆಡವಿದ ಹಳೆ ಗೋಡೆಯ ಒಂದು ಕಲ್ಲೆತ್ತಿಕೊಂಡು, "ಸರೀರಿ ಅತ್ಲಾಗೆ!" ಎಂದು ಬೀಗಕ್ಕೆ ಹೊಡೆದರು. ಕೊನೆಗೊಮ್ಮೆ ಕೊಂಡಿ ಕಿತ್ತು ಬಂತು. ಅವರು ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಹೊರಗೆ ಎಲ್ಲರೂ ಬೇರೆ ಬೇರೆ ದಿಕ್ಕು ನೋಡುತ್ತ ನಿಂತರು.

ಸ್ವಲ್ಪ ಹೊತ್ತಿಗೆ ಒಳಗೆ ನಲ್ಲಿ ತಿರುಗಿಸಿದ ಸದ್ದು ಕಿರ್ ಕಿರ್ ಎಂದು ಕೇಳಿತು. ಆಮೇಲೆ ಅಧ್ಯಕ್ಷರ ದನಿ ಕೇಳಿತು.

"ನೀರಿಲ್ಲ!"

ಕಾರ್ಯದರ್ಶಿ ಬಾಗಿಲಿಗೆ ಬಾಯಿಟ್ಟು ವಿನಯದಿಂದ ಹೇಳಿದರು. "ಸಾರ್, ನೀರಿನ ಸಂಪರ್ಕ ಶಿಕ್ಷಣ ಇಲಾಖೆ ವ್ಯಾಪ್ತಿಗೆ ಬರುತ್ತೆ. ನಾವು ಪತ್ರ ಬರೆದಿದ್ದೀವಿ..."

"ಯಾವ ಇಲಾಖೆ ರೀ!" ಒಳಗಿನಿಂದ ಗುಡುಗಿದ ದನಿಗೆ ತಗಡಿನ ಬಾಗಿಲು ನಡುಗಿತು. "ನಾನು ಇಲ್ಲಿ ಇಲಾಖೆ ಪತ್ರ ಕಾಯ್ತಾ ಕೂರಬೇಕಾ? ನೀರು ಬಿಡ್ರೀ ಮೊದಲು!"

"ನೋಡೋಣ" ಎಂದಳು ಕತ್ತರಿಯಕ್ಕ.

ಕಿಟಕಿಗಳಿಂದ ಇಡೀ ಶಾಲೆ ಹೋ ಎಂದು ನಕ್ಕಿತು. ಹೆಡ್ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಂದು ಬಕೆಟ್ ನೀರು ತರಿಸಿ ಬಾಗಿಲ ಬಳಿ ಇಡಿಸಿದರು. ಆಮೇಲೆ ಏನಾಯಿತು ಅಂತೀರಿ? ಒಂದು ವರ್ಷದಿಂದ ಎರಡು ಕಚೇರಿಗಳ ಮಧ್ಯೆ ಓಡಾಡುತ್ತಿದ್ದ ನೀರು ಆ ಸಂಜೆಯೊಳಗೆ ಬಂತು. ಪುರಸಭೆಯ ನೀರುಗಂಟಿಯೇ ಬಂದು ನಾಲ್ಕು ಮಾರು ಅಗೆದು, ಬೀದಿಯ ಕೊಳವೆಗೆ ಜೋಡಿಸಿದ. "ಇಷ್ಟೇನಾ? ಮೊದಲೇ ಹೇಳಿದ್ರೆ ಮೊದಲೇ ಮಾಡ್ತಿದ್ನಲ್ಲ" ಎಂದು ಅವನು ತಲೆ ಕೆರೆದುಕೊಂಡ. ಕತ್ತರಿಯಕ್ಕ ಕೈಯಾರೆ ನಲ್ಲಿ ತಿರುಗಿಸಿ, ನೀರು ಬಿದ್ದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಪುರಸಭೆಗೆ ಹೋಗಿ ತನ್ನ ಬೀಗ ತೆಗೆದಳು. ದಿನಾ ತೊಳೆಯುವ ಕೆಲಸವನ್ನು ಪುರಸಭೆಯೇ ಮಾಡಬೇಕೆಂದು ಠರಾವಿನಲ್ಲಿ ಸೇರಿಸುವವರೆಗೆ ಮನೆಗೂ ಹೋಗಲಿಲ್ಲ.

ಶನಿವಾರ ಜವಾನ ಒಂದು ನೋಟಿಸ್ ತಂದುಕೊಟ್ಟ, ತಾನೇ ತಪ್ಪು ಮಾಡಿದವನ ಹಾಗೆ ಮುಖ ಮಾಡಿಕೊಂಡು. ಸಭೆಯ ಘನತೆಗೆ ಧಕ್ಕೆ ತಂದದ್ದಕ್ಕೆ ಲಿಖಿತ ಕ್ಷಮಾಪಣೆ ಕೊಡಬೇಕು, ಕೊಡದಿದ್ದರೆ ಮುಂದಿನ ಸಭೆಗಳಿಗೆ ಪ್ರವೇಶವಿಲ್ಲ ಎಂದಿತ್ತು.

ಮಗ ಅದನ್ನು ಓದಿ ಪೆಚ್ಚಾದ. "ಏನಮ್ಮಾ ಇದು? ಒಂದು ಸಾಲು ಬರೆದು ಬಿಸಾಕು. ಗಾಳಿ ಬಂದ ಕಡೆ ತೂರಿಕೋಬೇಕು."

"ಕ್ಷಮಾಪಣೆನಾ? ಅವರು ಮೊದಲು ಆ ಹುಡುಗಿಯರಿಗೆ ಬರೆದುಕೊಡಲಿ. ಒಬ್ಬೊಬ್ಬರಿಗೂ ಬೇರೆ ಬೇರೆ. ಆಮೇಲೆ ನನ್ನದು."

"ಒಳಗೆ ಬಿಡದೇ ಇದ್ರೆ?"

"ಕಿಟಕಿ ಪಕ್ಕದ ಕುರ್ಚಿ ನನ್ನದು. ಒಳಗೆ ಬಿಡದಿದ್ರೆ ಕಿಟಕಿ ಹೊರಗೆ ನಿಂತು ಮಾತಾಡ್ತೀನಿ. ನನ್ನ ಗಂಟಲು ನಿನಗೆ ಗೊತ್ತಲ್ಲ."

"ಇವತ್ತು ತೆಗೆದಿದ್ದಾರೆ, ನಾಳೆ ಮತ್ತೆ ಬೀಗ ಹಾಕ್ತಾರೆ ನೋಡ್ತಿರು."

"ನಾಳೆ ಹಾಕಿದ್ರೆ ನಾಡಿದ್ದು ಒಡೀತೀನಿ" ಎಂದಳು. ನೋಟಿಸನ್ನು ಮಗುಚಿ, ಅದರ ಖಾಲಿ ಬೆನ್ನಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಸಾಸಿವೆಯ ಸಮವಸ್ತ್ರದ ತೋಳಿನ ಅಳತೆಗೆ ಗೆರೆ ಎಳೆದು, ಗೆರೆಯ ಮೇಲೆ ಕತ್ತರಿ ಆಡಿಸಿದಳು. ಕಾಗದ ಚೆನ್ನಾಗಿ ದಪ್ಪವಾಗಿತ್ತು, ತೋಳಿನ ಮಾದರಿಗೆ ಹೇಳಿ ಮಾಡಿಸಿದ ಹಾಗಿತ್ತು. ಮಗ ಎದ್ದು, ಮಗಳ ಶಾಲೆಯ ಬೂಟು ತೆಗೆದುಕೊಂಡು ಹೋಗಿ ಹೊರಗೆ ಕೂತು ಒರೆಸತೊಡಗಿದ.

ಸೋಮವಾರ ಸಾಸಿವೆ ಹೊಸ ತೋಳಿನ ಅಂಗಿ ಹಾಕಿಕೊಂಡು, ಹಸಿರು ಬಾಟಲಿ ನೇತುಹಾಕಿಕೊಂಡು ಶಾಲೆಗೆ ಹೋದಳು. ಆ ದಿನ ಕತ್ತರಿಯಕ್ಕ ಹೊಲಿದದ್ದೆಲ್ಲ ವಕ್ರ. ಒಂದು ಅಂಗಿಗೆ ಗುಂಡಿ ಹಿಂದುಮುಂದಾಗಿ ಹಚ್ಚಿ, ಬಿಚ್ಚಿ, ಮತ್ತೆ ಹಚ್ಚಿದಳು. ಸಂಜೆ ಬೀದಿಯ ತುದಿಯಲ್ಲಿ ಮಕ್ಕಳ ಗಲಾಟೆ ಕೇಳಿದಾಗ ಮಿಷನ್ ನಿಲ್ಲಿಸಿ, ಮನೆ ಬಾಗಿಲಿಗೆ ಓಡಿದಳು.

ಸಾಸಿವೆ ಓಡುತ್ತ ಬಂದಳು, ಕೆನ್ನೆ ಕೆಂಪಾಗಿತ್ತು. ಚೀಲ ಒಂದು ಕಡೆ, ಬೂಟು ಒಂದು ಕಡೆ ಎಸೆದಳು. ಲೆಕ್ಕದ ಮೇಷ್ಟ್ರು ಬೈದದ್ದು, ಗೆಳತಿ ಬಿದ್ದದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, "ಅಜ್ಜಿ, ಬಾಯಾರಿಕೆ! ನೀರು ಕೊಡು" ಎಂದಳು.

"ಬಾಟಲೀಲಿ ಇಲ್ವೇನೇ?"

"ಅದು ಆಗ್ಲೇ ಖಾಲಿ!"

ಕತ್ತರಿಯಕ್ಕ ಬಾಟಲಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು. ಏನೂ ಸದ್ದಿಲ್ಲ. ಮುಚ್ಚಳ ಬಿಚ್ಚಿ ಬೋರಲು ಹಾಕಿದಳು. ಒಂದು ಹನಿ ಅವಳ ಅಂಗೈ ಮೇಲೆ ಬಿತ್ತು. ಅವಳು ಮೊಮ್ಮಗಳಿಗೆ ಲೋಟ ತುಂಬ ನೀರು ಕೊಟ್ಟಳು. ಅದು ಗಟಗಟ ಗಂಟಲಿಳಿಯುವುದನ್ನು ಎವೆಯಿಕ್ಕದೆ ನೋಡಿದಳು. ಆಮೇಲೆ ಚೆಂಬು ಹಿಡಿದು ಹೊರಗೆ ಹೋದಳು, ಇನ್ನು ಮೇಲೆ ಗಿಡಕ್ಕೆ ಬೇರೆ ನೀರು ಹಾಕಬೇಕಿತ್ತು.